ಮನೋರೋಗ ಶುಶ್ರೂಷೆಯಲ್ಲಿ ಪಳಗಿದ ನರ್ಸ್ ಬೇಕಾದಾಗ: ಮಂಗಳೂರು, ಉಡುಪಿಯವರು ಹುಡುಕಬೇಕಾದ ಬಗೆ

ಮಾನಸಿಕ ಕಾಯಿಲೆಗೆ ಒಳರೋಗಿಯಾಗಿ ಚಿಕಿತ್ಸೆ ಪಡೆದವರು ಮನೆಗೆ ಮರಳಿದ ಮೊದಲ ತಿಂಗಳಲ್ಲಿ ಮನೆಯವರನ್ನು ಕಾಡುವ ಪ್ರಶ್ನೆಗಳೆಲ್ಲ ನೋಡಲು ಸಣ್ಣವು. ರಾತ್ರಿಯ ಮಾತ್ರೆ ನುಂಗಿದವರು ಬೆಳಿಗ್ಗೆ ಹತ್ತು ಗಂಟೆಯಾದರೂ ಏಳದಿದ್ದರೆ ಎಬ್ಬಿಸಬೇಕೇ, ಕೈ ನಡುಗುತ್ತಿರುವುದು ಔಷಧಿಯಿಂದಲೋ ಹಸಿವಿನಿಂದಲೋ, ಎರಡು ದಿನ ಸ್ನಾನ ಮಾಡದವರನ್ನು ಒತ್ತಾಯಿಸಬೇಕೋ ಸುಮ್ಮನಿರಬೇಕೋ, ಇಂತಹವು. ಮನೋವೈದ್ಯರು ಮತ್ತೆ ಸಿಗುವುದು ಹದಿನೈದು ದಿನಕ್ಕೋ ತಿಂಗಳಿಗೋ, ಅದೂ ತುಂಬಿದ ಹೊರರೋಗಿ ವಿಭಾಗದಲ್ಲಿ ಕೆಲವೇ ನಿಮಿಷ. ಈ ನಡುವಿನ ದಿನಗಳನ್ನು ತಿಳಿದು ನೋಡಿಕೊಳ್ಳಬಲ್ಲವರು ಮನೋರೋಗ ಶುಶ್ರೂಷೆಯಲ್ಲಿ ತರಬೇತಿ ಪಡೆದ ನರ್ಸುಗಳು. ನಮ್ಮ ಕರಾವಳಿಯಲ್ಲಿ ಅವರಿಗೆ ಕೊರತೆಯಿಲ್ಲ ಎಂದು ನಾವು ಭಾವಿಸಿದ್ದೇವೆ, ಏಕೆಂದರೆ ಇಲ್ಲಿ ನರ್ಸಿಂಗ್ ಕಾಲೇಜುಗಳು ಅಷ್ಟಿವೆ. ಆದರೆ ಒಬ್ಬ ಸರಿಯಾದವರನ್ನು ಮನೆಯ ಬಾಗಿಲಿಗೆ ಕರೆತರುವುದು ಎಷ್ಟು ಕಷ್ಟವೆಂಬುದು ನನ್ನ ತಮ್ಮನ ಕಾಯಿಲೆಯ ಆರು ವರ್ಷಗಳಲ್ಲಿ ನಮಗೆ ತಿಳಿಯಿತು. ಅದೇ ದಾರಿಯಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಕೆಲಸ ಮಾಡುವ ಬಂಧುಗಳು, "ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್ ಒಬ್ಬರನ್ನು ಹಿಡಿಯಿರಿ" ಎಂದು ಫೋನಿನಲ್ಲಿ ಹೇಳುತ್ತಾರೆ. ನಮ್ಮ ಚಿಕ್ಕಮ್ಮನ ಮಗಳೂ ಹಾಗೆಯೇ ಹೇಳಿದ್ದಳು. ಅಮೆರಿಕದಲ್ಲಿ ಇದು ಸ್ನಾತಕೋತ್ತರ ಪದವಿಯ ಮೇಲೆ ನಿಂತ, ಪ್ರತ್ಯೇಕ ಮಾನ್ಯತೆಯುಳ್ಳ ಹುದ್ದೆ. 1954ರಲ್ಲಿ ಹಿಲ್ಡೆಗಾರ್ಡ್ ಪೆಪ್ಲಾವ್ ಎಂಬ ನರ್ಸ್ ಅಲ್ಲಿನ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಇಂತಹ ತಜ್ಞರನ್ನು ತಯಾರಿಸುವ ಮೊದಲ ಶಿಕ್ಷಣಕ್ರಮವನ್ನು ಆರಂಭಿಸಿದ್ದು ಮನೋರೋಗ ಶುಶ್ರೂಷೆಯಲ್ಲಿಯೇ. ಅಲ್ಲಿನ ಹಲವು ರಾಜ್ಯಗಳಲ್ಲಿ ಇವರು ಔಷಧಿಯನ್ನೂ ಬರೆದುಕೊಡಬಲ್ಲರು. ನಮ್ಮಲ್ಲಿ ಈ ಹೆಸರನ್ನು ಹಿಡಿದು ಹೊರಟರೆ ಹುಡುಕಾಟ ದಾರಿ ತಪ್ಪುತ್ತದೆ. ಇಲ್ಲಿ ನೀವು ಕೇಳಬೇಕಾದುದು ಮನೋರೋಗ ಶುಶ್ರೂಷೆಯಲ್ಲಿ ಎಂ.ಎಸ್ಸಿ. ನರ್ಸಿಂಗ್ ಮಾಡಿದವರನ್ನು, ಅಥವಾ ನರ್ಸಿಂಗ್ ಮುಗಿಸಿದ ಮೇಲೆ ಒಂದು ವರ್ಷದ ಮನೋರೋಗ ಶುಶ್ರೂಷೆ ಡಿಪ್ಲೊಮಾ ಪಡೆದವರನ್ನು, ಇಲ್ಲವೇ ಸಾಮಾನ್ಯ ನರ್ಸಿಂಗ್ ಓದಿ ಮನೋರೋಗ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದವರನ್ನು.

ಈ ಮೂರನೆಯ ವರ್ಗವನ್ನು ನಾನು ಕಡೆಗಣಿಸುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮಾನಸಿಕ ಆರೋಗ್ಯ ನರ್ಸ್ ಎಂದರೆ ಯಾರು ಎಂಬುದನ್ನು ವ್ಯಾಖ್ಯಾನಿಸುವಾಗ ಸಾಮಾನ್ಯ ನರ್ಸಿಂಗ್ ಅಥವಾ ಮನೋರೋಗ ನರ್ಸಿಂಗ್‌ನಲ್ಲಿ ಡಿಪ್ಲೊಮಾ ಇಲ್ಲವೇ ಪದವಿ ಇದ್ದು, ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು ಎನ್ನುತ್ತದೆ. ಅಂದರೆ ಹೆರಿಗೆ ವಾರ್ಡಿನಲ್ಲಿಯೇ ಇಪ್ಪತ್ತು ವರ್ಷ ಕಳೆದವರೂ ಕಾಗದದ ಮೇಲೆ ಈ ವ್ಯಾಖ್ಯಾನದೊಳಗೆ ಬರುತ್ತಾರೆ. ಆದ್ದರಿಂದ ಪ್ರಮಾಣಪತ್ರ ನೋಡಿದ ಮೇಲೂ, ಮನೋರೋಗ ವಾರ್ಡಿನಲ್ಲಿ ಎಷ್ಟು ಕಾಲ ಇದ್ದಿರಿ, ಅಲ್ಲಿ ಏನೇನು ಮಾಡಿದಿರಿ ಎಂದು ಕೇಳುವ ಅಗತ್ಯ ಉಳಿದೇ ಇರುತ್ತದೆ.

"ಹೋಮ್ ನರ್ಸ್" ಎಂಬ ಮಾತು

ನಮ್ಮ ಊರಿನಲ್ಲಿ "ಹೋಮ್ ನರ್ಸ್" ಎಂದರೆ ಬಹುಪಾಲು ಸಂದರ್ಭಗಳಲ್ಲಿ ನರ್ಸ್ ಆಗಿರುವುದಿಲ್ಲ. ಏಜೆನ್ಸಿಯವರು ಕಳುಹಿಸುವ ಆರೈಕೆದಾರರಿಗೆ ಜನ ಕೊಟ್ಟಿರುವ ಹೆಸರು ಅದು. ಹಾಸಿಗೆ ಹಿಡಿದ ಹಿರಿಯರನ್ನು ತೊಳೆದು, ಉಣಿಸಿ, ಮಗ್ಗುಲು ಬದಲಿಸಿ ನೋಡಿಕೊಳ್ಳುವಲ್ಲಿ ಅವರ ದುಡಿಮೆ ದೊಡ್ಡದು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಮಾನಸಿಕ ಕಾಯಿಲೆಯ ಔಷಧಿಗಳ ಮೇಲೆ ಕಣ್ಣಿಡುವ ಕೆಲಸವನ್ನು ಅವರಿಗೆ ಒಪ್ಪಿಸುವುದು ಅವರಿಗೂ ಅನ್ಯಾಯ, ರೋಗಿಗೂ ಅನ್ಯಾಯ.

ನಾವು ಈ ತಪ್ಪನ್ನು ಮಾಡಿದೆವು. ತಮ್ಮನಿಗೆ ಇರುವುದು ಬೈಪೋಲಾರ್ ಕಾಯಿಲೆ, ಅಂದರೆ ಅತಿಯಾದ ಉತ್ಸಾಹ ಮತ್ತು ತೀವ್ರ ಖಿನ್ನತೆ ಬಂದು ಹೋಗುವ ಕಾಯಿಲೆ. ಅವನು ತೆಗೆದುಕೊಳ್ಳುವುದು ಮನಸ್ಸಿನ ಈ ಏರಿಳಿತವನ್ನು ಹತೋಟಿಯಲ್ಲಿಡುವ ಲಿಥಿಯಂ ಎಂಬ ಔಷಧಿ. ಒಂದು ಏಜೆನ್ಸಿಯವರು "ಮಾನಸಿಕ ರೋಗಿಗಳನ್ನು ನೋಡಿ ಅಭ್ಯಾಸವಿರುವ ನರ್ಸ್" ಎಂದು ಹೇಳಿ ಒಬ್ಬರನ್ನು ಕಳುಹಿಸಿದರು. ನಾವು ನೋಂದಣಿ ಸಂಖ್ಯೆಯನ್ನು ಕೇಳಲಿಲ್ಲ. ಮೇ ತಿಂಗಳ ಸೆಖೆಯಲ್ಲಿ ತಮ್ಮನಿಗೆ ವಾಂತಿ, ಭೇದಿ ಶುರುವಾಯಿತು. ಚೀಟಿಯಲ್ಲಿ ಬರೆದಿದ್ದಂತೆ ಬೆಳಿಗ್ಗೆ, ರಾತ್ರಿ ತಪ್ಪದೆ ಮಾತ್ರೆ ಕೊಡಲಾಯಿತು. ಆಕೆ ತನಗೆ ಹೇಳಿದ ಕೆಲಸವನ್ನು ನಿಷ್ಠೆಯಿಂದಲೇ ಮಾಡುತ್ತಿದ್ದರು. ದೇಹದ ನೀರು ಮತ್ತು ಉಪ್ಪು ಕಡಿಮೆಯಾದಾಗ ಲಿಥಿಯಂ ರಕ್ತದಲ್ಲಿ ಏರುತ್ತದೆ, ಏರಿದ ಲಿಥಿಯಂ ಮತ್ತೆ ವಾಂತಿ, ಭೇದಿಗಳನ್ನೇ ಉಂಟುಮಾಡುತ್ತದೆ ಎಂಬುದು ಆ ಮನೆಯಲ್ಲಿದ್ದ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೂರನೆಯ ದಿನ ಅವನು ತಡವರಿಸುತ್ತ, ಗೋಡೆ ಹಿಡಿದುಕೊಂಡು ನಡೆಯತೊಡಗಿದಾಗ ಆಸ್ಪತ್ರೆಗೆ ಸೇರಿಸಿದೆವು. ಅವನು ಚೇತರಿಸಿಕೊಂಡನು. ಆದರೆ ಆ ಮೂರು ದಿನಗಳನ್ನು ನೆನೆದರೆ ಅಮ್ಮನ ಕಣ್ಣು ಈಗಲೂ ತುಂಬುತ್ತದೆ.

ಆ ಬಳಿಕ ನಮಗೆ ಸಿಕ್ಕ ಸಿಸ್ಟರ್ ಮೊದಲ ಭೇಟಿಯಲ್ಲಿ ಮಾಡಿದ್ದನ್ನು ಹೇಳಿದರೆ ತರಬೇತಿಯ ವ್ಯತ್ಯಾಸ ತಿಳಿಯುತ್ತದೆ. ಅವರು ತಮ್ಮನನ್ನು ಎದುರು ಕೂರಿಸಿಕೊಂಡು ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಬೆರಳುಗಳನ್ನು ಅಗಲಿಸಲು ಹೇಳಿದರು. ಅಂಗೈ ಕೆಳಗೆ ಮಾಡಿಸಿ, ನೋಟ್ ಪುಸ್ತಕದಿಂದ ಹರಿದ ಒಂದು ಹಾಳೆಯನ್ನು ಕೈಯ ಮೇಲಿಟ್ಟರು. ಬರಿಗಣ್ಣಿಗೆ ಕಾಣದಿದ್ದ ನಡುಕ ಹಾಳೆಯ ಅಂಚಿನಲ್ಲಿ ಕಾಣಿಸಿತು. ಇಷ್ಟು ಸಣ್ಣ ನಡುಕ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಸಾಮಾನ್ಯ, ಲೋಟ ಹಿಡಿದರೆ ನೀರು ತುಳುಕುವಷ್ಟು ದೊಡ್ಡದಾದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು ಎಂದರು. ನಂತರ ಅಮ್ಮನ ಕಡೆಗೆ ತಿರುಗಿ, "ಅಮ್ಮಾ, ಗಂಜಿಗೆ ಉಪ್ಪು ಎಷ್ಟು ಹಾಕುತ್ತೀರಿ? ಮನೆಯಲ್ಲಿ ಯಾರಿಗಾದರೂ ಬಿ.ಪಿ. ಇದೆಯೆಂದು ಎಲ್ಲರಿಗೂ ಉಪ್ಪು ಕಡಿಮೆ ಮಾಡಿದ್ದೀರೋ?" ಎಂದು ಕೇಳಿದರು. ಅಪ್ಪನಿಗೆ ಬಿ.ಪಿ. ಎಂದು ಆ ತಿಂಗಳಷ್ಟೇ ಮನೆಯಿಡೀ ಉಪ್ಪಿನಕಾಯಿಯನ್ನು ಬಿಟ್ಟಿತ್ತು. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳೂ ಲಿಥಿಯಂ ಮಟ್ಟವನ್ನು ಏರಿಸಬಲ್ಲವು ಎಂದು ಮನೆಯ ಔಷಧಿ ಡಬ್ಬಿಯನ್ನು ತರಿಸಿ ನೋಡಿದರು. ರಕ್ತಪರೀಕ್ಷೆಗೆ ಹೋಗುವ ದಿನ ಹಿಂದಿನ ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ತಾಸು ಕಳೆದ ಮೇಲೆ ರಕ್ತ ಕೊಡಬೇಕು, ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆಯೇ ತೆಗೆದುಕೊಳ್ಳಬೇಕು ಎಂದು ಬರೆದುಕೊಟ್ಟರು. ಅರ್ಧ ಗಂಟೆಯೊಳಗೆ ಇಷ್ಟೆಲ್ಲ ನಡೆಯಿತು. ನೀವು ಹುಡುಕಬೇಕಾದುದು ಈ ಕಣ್ಣನ್ನು, ಈ ಪ್ರಶ್ನೆಗಳನ್ನು.

ಎಲ್ಲಿ ಕೇಳಬೇಕು

ಏಜೆನ್ಸಿಯ ಜಾಹೀರಾತಿನಿಂದ ಹುಡುಕಾಟವನ್ನು ಆರಂಭಿಸಬೇಡಿ. ಚಿಕಿತ್ಸೆ ನೀಡುತ್ತಿರುವ ಮನೋರೋಗ ವಿಭಾಗದಿಂದಲೇ ಆರಂಭಿಸಿ, ಏಕೆಂದರೆ ನಿಮ್ಮ ಮನೆಗೆ ಬರುವ ನರ್ಸ್ ಯಾವ ವೈದ್ಯರಿಗೆ ವರದಿ ಒಪ್ಪಿಸುತ್ತಾರೆ ಎಂಬುದು ಅವರ ಪದವಿಯಷ್ಟೇ ಮುಖ್ಯ. ಮಂಗಳೂರಿನಲ್ಲಿ ವೆನ್ಲಾಕ್ ಜಿಲ್ಲಾ ಆಸ್ಪತ್ರೆ, ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ, ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು, ಉಡುಪಿ ಕಡೆಯಲ್ಲಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ದೊಡ್ಡಣಗುಡ್ಡೆಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ, ಇಲ್ಲೆಲ್ಲ ಮನೋರೋಗ ಚಿಕಿತ್ಸೆ ದೊರೆಯುತ್ತದೆ. ಹೊರರೋಗಿ ವಿಭಾಗದ ಕೌಂಟರಿನಲ್ಲಿ ಕೇಳಿದರೆ ಉತ್ತರ ಸಿಗುವುದು ಕಡಿಮೆ. ವಾರ್ಡಿನ ಹಿರಿಯ ಸಿಸ್ಟರನ್ನು ಅಥವಾ ತಿಂಗಳಿಗೊಮ್ಮೆ ದೀರ್ಘಾವಧಿಯ ಚುಚ್ಚುಮದ್ದು ಹಾಕುವ ಕೊಠಡಿಯಲ್ಲಿರುವ ಸಿಸ್ಟರ್, ಬ್ರದರ್‌ಗಳನ್ನು ಬಿಡುವಿನ ಹೊತ್ತು ನೋಡಿ ಮಾತನಾಡಿಸಿ. ನಿವೃತ್ತರಾದವರು, ಮದುವೆಯಾಗಿ ಆಸ್ಪತ್ರೆಯ ಪಾಳಿ ಬಿಟ್ಟವರು, ನಿಮ್ಮ ಊರಿನ ಸಮೀಪ ಇರುವವರು ಯಾರೆಂಬುದು ಅವರಿಗೆ ಗೊತ್ತಿರುತ್ತದೆ. ನಮಗೆ ಸಿಕ್ಕ ಸಿಸ್ಟರ್ ಸಿಕ್ಕಿದ್ದು ಹೀಗೆಯೇ.

ಇದಕ್ಕೆ ಅತಿ ಒಳ್ಳೆಯ ಸಮಯ ಡಿಸ್ಚಾರ್ಜ್ ಆಗುವುದಕ್ಕೆ ಮೊದಲಿನ ಎರಡು ಮೂರು ದಿನ. ಮೇಲೆ ಹೇಳಿದ ಕಾಯ್ದೆಯ 98ನೆಯ ಕಲಮಿನ ಪ್ರಕಾರ, ರೋಗಿಯನ್ನು ಬಿಡುಗಡೆ ಮಾಡುವಾಗ ಮುಂದೆ ಯಾವ ಚಿಕಿತ್ಸೆ, ಯಾವ ಸೇವೆ ಬೇಕಾಗುತ್ತದೆ ಎಂಬುದನ್ನು ಮನೋವೈದ್ಯರು ರೋಗಿಯೊಂದಿಗೆ ಮತ್ತು ಅವರನ್ನು ನೋಡಿಕೊಳ್ಳುವವರೊಂದಿಗೆ ಚರ್ಚಿಸಬೇಕು. ಬಿಲ್ಲು ಕಟ್ಟುವ ಅವಸರದಲ್ಲಿ ಈ ಚರ್ಚೆ ಕೈತಪ್ಪಿಹೋಗುತ್ತದೆ. ಆದ್ದರಿಂದ ಒಂದು ದಿನ ಮೊದಲೇ, "ಮನೆಗೆ ಬಂದು ನೋಡುವ ನರ್ಸ್ ಬೇಕು, ನಿಮ್ಮ ವಿಭಾಗದಿಂದ ಯಾರನ್ನಾದರೂ ಸೂಚಿಸುತ್ತೀರಾ, ಅವರು ತುರ್ತಿನಲ್ಲಿ ನಿಮಗೇ ಫೋನ್ ಮಾಡಬಹುದೇ?" ಎಂದು ವೈದ್ಯರನ್ನು ನೇರವಾಗಿ ಕೇಳಿ. ಡಿಸ್ಚಾರ್ಜ್ ಸಮ್ಮರಿಯ ಪ್ರತಿಯೊಂದನ್ನು ನರ್ಸಿಗಾಗಿಯೇ ಬೇರೆಯಾಗಿ ಇಟ್ಟುಕೊಳ್ಳಿ.

ಎರಡನೆಯ ದಾರಿ ನರ್ಸಿಂಗ್ ಕಾಲೇಜುಗಳದು. ಫಾದರ್ ಮುಲ್ಲರ್, ಮಣಿಪಾಲದಂತಹ ಕಾಲೇಜುಗಳಲ್ಲಿ ಮನೋರೋಗ ಶುಶ್ರೂಷೆಗೆ ಪ್ರತ್ಯೇಕ ವಿಭಾಗವಿದ್ದು, ಅಲ್ಲಿನ ಅಧ್ಯಾಪಕರು ತಮ್ಮಲ್ಲಿ ಕಲಿತು ಹೊರಬಂದವರನ್ನು ಬಲ್ಲವರಾಗಿರುತ್ತಾರೆ. ರೋಗಿಯ ಹೆಸರು ಹೇಳದೆ, ಕಾಯಿಲೆಯ ಸ್ವರೂಪ, ಊರು, ವಾರಕ್ಕೆ ಎಷ್ಟು ಭೇಟಿ ಬೇಕು ಎಂಬಷ್ಟನ್ನು ಬರೆದು ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಕೊಟ್ಟರೆ ಸಾಕು.

ಖಾಸಗಿಯಾಗಿ ಹಣ ಕೊಡಲು ಆಗದವರು ಹುಡುಕಾಟವನ್ನು ಕೈಬಿಡಬೇಕಾಗಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರ ಜೊತೆ ಮನೋರೋಗ ನರ್ಸ್ ಹುದ್ದೆಯೂ ಸೇರಿದೆ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಈ ತಂಡವನ್ನು ವಿಚಾರಿಸಬಹುದು. 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋರೋಗ ಕ್ಲಿನಿಕ್ ನಡೆಸುವ ಪದ್ಧತಿ ಬಂದಿತು. ಪುತ್ತೂರು, ಬೆಳ್ತಂಗಡಿ, ಕುಂದಾಪುರ, ಕಾರ್ಕಳದ ಕಡೆಯವರು ತಮ್ಮ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ದಿನವನ್ನು ಖಚಿತಪಡಿಸಿಕೊಂಡು ಹೋಗುವುದು ಒಳ್ಳೆಯದು. ಊರಿನ ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸಲು ಸಂಕೋಚಪಡಬೇಡಿ. ಎಲ್ಲಿಂದ ಆರಂಭಿಸಬೇಕೆಂದೇ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿ ಮಾತನಾಡಬಹುದು.

ಪರಿಶೀಲನೆ

ಹೆಸರು ಸಿಕ್ಕ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಪತ್ರವನ್ನು ಕೇಳಿ ನೋಡಿ, ಸಂಖ್ಯೆಯನ್ನು ಬರೆದುಕೊಳ್ಳಿ, ಅದು ಚಾಲ್ತಿಯಲ್ಲಿದೆಯೇ ಎಂದು ಪರಿಷತ್ತಿನಲ್ಲಿ ವಿಚಾರಿಸಿ. ಕೇರಳದಲ್ಲಿ ಓದಿ ಇಲ್ಲಿ ನೆಲೆಸಿದ ಅನೇಕ ನರ್ಸುಗಳಿದ್ದಾರೆ. ಅವರಲ್ಲಿ ಈ ರಾಜ್ಯದ ನೋಂದಣಿಯೂ ಇದೆಯೇ ಎಂದು ಕೇಳಬೇಕು. ಇದರ ಜೊತೆಗೆ, ಕಾಯ್ದೆಯ 55ನೆಯ ಕಲಮು ಮಾನಸಿಕ ಆರೋಗ್ಯ ನರ್ಸುಗಳನ್ನು ನೋಂದಾಯಿಸಿ ಅವರ ಪಟ್ಟಿಯನ್ನು ಪ್ರಕಟಿಸುವ ಹೊಣೆಯನ್ನು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ವಹಿಸಿದೆ. ಅಲ್ಲಿಯೂ ನೋಂದಾಯಿಸಿಕೊಂಡವರಾದರೆ ಇನ್ನೂ ಉತ್ತಮ. ನೋಂದಣಿ ಕೇಳಿದ್ದಕ್ಕೆ ಒಳ್ಳೆಯ ನರ್ಸ್ ಯಾರೂ ಬೇಸರಪಟ್ಟುಕೊಂಡದ್ದನ್ನು ನಾನು ಕಂಡಿಲ್ಲ.

ಮಾತುಕತೆಯಲ್ಲಿ ನಾನು ಕೇಳುವ ಪ್ರಶ್ನೆಗಳು ಕಾಯಿಲೆಗೆ ತಕ್ಕಂತೆ ಬದಲಾಗುತ್ತವೆ. ಸ್ಕಿಜೋಫ್ರೇನಿಯಾಕ್ಕೆ ಕ್ಲೋಜಪೀನ್ ತೆಗೆದುಕೊಳ್ಳುವವರ ಮನೆಯವರು, "ಈ ಔಷಧಿಯಲ್ಲಿರುವಾಗ ಜ್ವರ, ಗಂಟಲುನೋವು ಬಂದರೆ ಏನು ಮಾಡುತ್ತೀರಿ?" ಎಂದು ಕೇಳಬೇಕು. ಬಿಳಿರಕ್ತಕಣಗಳ ಎಣಿಕೆ ಕುಸಿದಿರಬಹುದು, ಅಂದೇ ವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸಬೇಕು ಎಂಬ ಉತ್ತರ ತಡವಿಲ್ಲದೆ ಬರಬೇಕು. ಮಲಬದ್ಧತೆಯ ಬಗ್ಗೆಯೂ ತಾವಾಗಿ ಎಚ್ಚರಿಸಿದರೆ ಅವರು ಈ ಔಷಧಿಯನ್ನು ಹತ್ತಿರದಿಂದ ಬಲ್ಲವರು. ಮಾತ್ರೆ ನುಂಗಲು ಒಪ್ಪದವರ ವಿಷಯದಲ್ಲಿ, "ಕಾಫಿಯಲ್ಲಿ ಪುಡಿ ಮಾಡಿ ಹಾಕಿ ಕೊಡೋಣ" ಎನ್ನುವವರನ್ನು ನಾನು ಮುಂದುವರಿಸುವುದಿಲ್ಲ. ಅದು ಒಮ್ಮೆ ಗೊತ್ತಾದರೆ ರೋಗಿ ಔಷಧಿಯನ್ನೂ ಬಿಡುತ್ತಾರೆ, ಮನೆಯ ಊಟವನ್ನೂ ನಂಬುವುದಿಲ್ಲ. ರೋಗಿ ರೇಗಿದಾಗ ಕಟ್ಟಿಹಾಕುವುದನ್ನು ಸಹಜವೆಂಬಂತೆ ಮಾತನಾಡುವವರನ್ನೂ ಬಿಟ್ಟುಬಿಡಿ. ಮಾನಸಿಕ ಕಾಯಿಲೆ ಇರುವವರನ್ನು ಯಾವುದೇ ರೀತಿಯಲ್ಲಿ ಸಂಕೋಲೆಯಿಂದ ಬಂಧಿಸುವುದನ್ನು 2017ರ ಕಾಯ್ದೆ ನಿಷೇಧಿಸಿದೆ.

ಇನ್ನೊಂದು ಗೆರೆಯನ್ನು ನೀವೂ ದಾಟಬಾರದು, ಅವರೂ ದಾಟಬಾರದು. ಮನೆಗೆ ಬರುವ ನರ್ಸ್ ಮಾತ್ರೆಯ ಪ್ರಮಾಣವನ್ನು ತಾವಾಗಿ ಏರಿಸುವಂತಿಲ್ಲ, ಇಳಿಸುವಂತಿಲ್ಲ, ಹೊಸ ಔಷಧಿಯನ್ನು ಸೂಚಿಸುವಂತಿಲ್ಲ. ತಮ್ಮ ವೃತ್ತಿಕ್ಷೇತ್ರಕ್ಕೆ ಅಧಿಕಾರವಿಲ್ಲದ ಔಷಧಿ, ಚಿಕಿತ್ಸೆಗಳನ್ನು ಯಾವ ಮಾನಸಿಕ ಆರೋಗ್ಯ ವೃತ್ತಿಪರರೂ ಶಿಫಾರಸು ಮಾಡಬಾರದು ಎಂದು 106ನೆಯ ಕಲಮು ಹೇಳುತ್ತದೆ. ನಿದ್ರೆ ಬರುತ್ತಿಲ್ಲವೆಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಅರ್ಧ ಮಾತ್ರೆ ಜಾಸ್ತಿ ಕೊಡಲೇ ಸಿಸ್ಟರ್?" ಎಂದು ಪೀಡಿಸಿದರೆ ಒಳ್ಳೆಯವರು ಮುಜುಗರಕ್ಕೆ ಸಿಲುಕುತ್ತಾರೆ. "ವೈದ್ಯರನ್ನು ಕೇಳಿ ಹೇಳುತ್ತೇನೆ" ಎನ್ನುವವರನ್ನು ನಂಬಿ.

ರೋಗಿಯ ಒಪ್ಪಿಗೆ, ರೋಗಿಯ ಭಾಷೆ

ನರ್ಸನ್ನು ಆಯ್ಕೆ ಮಾಡುವಾಗ ರೋಗಿಯನ್ನೇ ಕೇಳದಿರುವುದು ನಮ್ಮ ಮನೆಗಳಲ್ಲಿ ಆಗುವ ದೊಡ್ಡ ತಪ್ಪು. ಮೊದಲ ಸಲ ನಾವೂ ತಮ್ಮನನ್ನು ಕೇಳಿರಲಿಲ್ಲ. ಎರಡನೆಯ ಸಲ ಅವನೇ, "ಯೂನಿಫಾರ್ಮಿನಲ್ಲಿ ಬರುವುದು ಬೇಡ, ಓಣಿಯವರೆಲ್ಲ ನೋಡುತ್ತಾರೆ" ಎಂದ. ಸಿಸ್ಟರ್ ಆ ಮಾತನ್ನು ಒಪ್ಪಿ ಸಾಮಾನ್ಯ ಉಡುಪಿನಲ್ಲಿ ಬಂದರು. ರೋಗಿಯ ಕಾಯಿಲೆಯ ವಿವರವನ್ನು ಗುಟ್ಟಾಗಿ ಇಡುವುದು ಕಾನೂನಿನ ಪ್ರಕಾರ ರೋಗಿಯ ಹಕ್ಕು. ನೆಂಟರು ಬಂದಾಗ ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ಮೊದಲೇ ರೋಗಿಯೊಡನೆ ಮಾತನಾಡಿಕೊಳ್ಳಿ.

ಭಾಷೆಯ ವಿಷಯವನ್ನು ಹಗುರವಾಗಿ ಕಾಣಬಾರದು. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕುಂದಾಪುರದ ಕನ್ನಡ ಎಲ್ಲವೂ ಇರುವ ಜಿಲ್ಲೆಗಳಿವು. ಮನಸ್ಸಿನ ನೋವನ್ನು ಜನ ಹೇಳಿಕೊಳ್ಳುವುದು ಮನೆಮಾತಿನಲ್ಲಿ. ತುಳು ಮನೆಯ ಅಜ್ಜಿಯೊಬ್ಬರು "ತರೆಬೆಚ್ಚ" ಎಂದರೆ ಅದು ಬರಿಯ ತಲೆನೋವೂ ಆಗಿರಬಹುದು, ತಿಂಗಳುಗಟ್ಟಲೆ ಒಳಗೇ ಕೊರೆಯುತ್ತಿರುವ ಚಿಂತೆಯೂ ಆಗಿರಬಹುದು. "ಎಂಚ ಉಲ್ಲರ್?" (ಹೇಗಿದ್ದೀರಿ?) ಎಂದು ಮಾತು ತೆಗೆಯಬಲ್ಲ ನರ್ಸಿಗೆ ಅದರ ಮುಂದಿನ ಪ್ರಶ್ನೆಯನ್ನು ಕೇಳಲು ಗೊತ್ತಿರುತ್ತದೆ. ಎಂ.ಎಸ್ಸಿ. ಮಾಡಿದವರು ಮತ್ತು ಡಿಪ್ಲೊಮಾ ಮಾಡಿದವರು ಇಬ್ಬರೂ ಸಿಕ್ಕಿ, ಎರಡನೆಯವರಿಗೆ ಮಾತ್ರ ರೋಗಿಯ ಮಾತು ಬರುವುದಾದರೆ ನಾನು ಎರಡನೆಯವರನ್ನೇ ಆರಿಸುತ್ತೇನೆ. ಹಾಗೆಯೇ ದೈವದಲ್ಲಿ ಹರಕೆ ಹೇಳಿಕೊಂಡವರನ್ನು, ಚರ್ಚಿನಲ್ಲಿ, ದರ್ಗಾದಲ್ಲಿ ಪ್ರಾರ್ಥಿಸುವವರನ್ನು ಹೀಯಾಳಿಸುವ ನರ್ಸ್ ಹೆಚ್ಚು ದಿನ ಆ ಮನೆಯಲ್ಲಿ ಉಳಿಯುವುದಿಲ್ಲ. ಹರಕೆಯೂ ಸಲ್ಲಲಿ, ಮಾತ್ರೆಯೂ ತಪ್ಪದಿರಲಿ ಎಂದು ಹೇಳಬಲ್ಲವರು ಬೇಕು.

ಭೇಟಿಯ ಶುಲ್ಕ, ಬಸ್ಸು ಅಥವಾ ರಿಕ್ಷಾ ಖರ್ಚು, ಫೋನಿನಲ್ಲಿ ಸಿಗುವ ಹೊತ್ತು ಇವನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ.

ವಾರಕ್ಕೆರಡು ಸಲ ಬರುವ ನರ್ಸ್ ತುರ್ತು ಸೇವೆಗೆ ಬದಲಿಯಾಗಲಾರರು. ಸಾಯುವ ಮಾತನ್ನು ಆಡಿದಾಗ, ಔಷಧಿಯನ್ನು ಒಟ್ಟಿಗೆ ನುಂಗಿದಾಗ, ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವಂತೆ ಕಂಡಾಗ ಅವರ ಮುಂದಿನ ಭೇಟಿಗೆ ಕಾಯಬೇಡಿ. ರೋಗಿಯನ್ನು ಒಂಟಿಯಾಗಿ ಬಿಡದೆ 108 ಅಥವಾ 112ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಲಿಥಿಯಂ ತೆಗೆದುಕೊಳ್ಳುವವರಿಗೆ ವಾಂತಿ, ಭೇದಿ ಹಿಡಿದರೂ ಅದೇ ದಿನ ವೈದ್ಯರನ್ನು ಸಂಪರ್ಕಿಸಿ.

ಕೊನೆಯದಾಗಿ ಒಂದು ನೋಟ್ ಪುಸ್ತಕದ ಮಾತು. ನಮ್ಮ ಜಿಲ್ಲೆಗಳ ನುರಿತ ನರ್ಸುಗಳು ಕೊಲ್ಲಿಗೋ ಯೂರೋಪಿಗೋ ಹೋಗುವುದು ಸಹಜ, ಅದು ಅವರ ದುಡಿಮೆಗೆ ಸಿಗುವ ನ್ಯಾಯ. ನಮ್ಮ ಸಿಸ್ಟರ್ ಕೂಡ ಮೂರು ವರ್ಷದ ನಂತರ ಹೊರಟರು. ಮೊದಲ ದಿನದಿಂದ ಅವರು ಬರೆದಿಟ್ಟ ಪುಸ್ತಕದಲ್ಲಿ ತಮ್ಮನ ನಿದ್ರೆಯ ಗಂಟೆಗಳು, ತೂಕ, ಲಿಥಿಯಂ ಮಟ್ಟ, ಆರು ತಿಂಗಳಿಗೊಮ್ಮೆ ಮಾಡಿಸಿದ ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆಗಳು, ಅವನು ಅತಿಯಾಗಿ ಮಾತನಾಡತೊಡಗಿದ ದಿನಾಂಕಗಳು ಎಲ್ಲವೂ ಇದ್ದವು. ಹೊರಡುವ ಮುನ್ನ ಅವರು ಹೊಸ ಬ್ರದರನ್ನು ಕರೆತಂದು, ತಮ್ಮನನ್ನೂ ಜಗಲಿಯಲ್ಲಿ ಜೊತೆಗೆ ಕೂರಿಸಿಕೊಂಡು, ಪುಟ ಪುಟವಾಗಿ ಓದಿ ಹೇಳಿದರು. "ನಿದ್ರೆ ನಾಲ್ಕು ಗಂಟೆಗೆ ಇಳಿದು ಎರಡು ದಿನವಾದರೆ ಮೂರನೆಯ ದಿನಕ್ಕೆ ಕಾಯಬೇಡಿ, ಇವರಿಗೆ ಹಾಗೆಯೇ ಶುರುವಾಗುವುದು" ಎಂದು ಅವರು ತೋರಿಸಿದ ಸಾಲಿನ ಕೆಳಗೆ ತಮ್ಮನೇ ಪೆನ್ನಿನಿಂದ ಗೆರೆ ಎಳೆದ. ನೀವು ಗೊತ್ತುಮಾಡುವ ನರ್ಸಿನ ಬಳಿಯೂ ಇಂತಹ ಪುಸ್ತಕವನ್ನು ಮೊದಲ ಭೇಟಿಯಿಂದಲೇ ಬರೆಸಿ, ಅದನ್ನು ಮನೆಯಲ್ಲಿಯೇ ಇಟ್ಟುಕೊಳ್ಳಿ, ಬಿಟ್ಟು ಹೋಗುವುದಾದರೆ ಒಂದು ತಿಂಗಳು ಮುಂಚೆ ತಿಳಿಸಬೇಕು ಮತ್ತು ಹೊಸಬರೊಂದಿಗೆ ಒಂದು ಭೇಟಿಯನ್ನು ಜೊತೆಯಾಗಿ ಮಾಡಬೇಕು ಎಂದು ಕೇಳಿಕೊಳ್ಳಿ.